ಮೆಟ್ರೋ ಹತ್ತಿದ ಇಂಬಳ

ಶಿಫಾ ಕಣ್ಣು ಮುಚ್ಚಿಕೊಂಡೇ ಜೇಬಿಗೆ ಕೈ ಹಾಕಿ ಬಾಟಲಿಯ ಮುಚ್ಚಳ ತಿರುಗಿಸಿದಳು. ಕೆಮ್ಮಿನ ಸಿರಪ್ಪಿನ ಪುಟ್ಟ ಬಾಟಲಿ ಅದು. ಒಳಗೆ ಒಂದಿಷ್ಟು ಒದ್ದೆ ಪಾಚಿ, ಪಾಚಿಯ ಮೇಲೆ ಒಂದು ಇಂಬಳ.

ಇಂಬಳ ಅಂದರೆ ಕಾಫಿ ತೋಟದ ಜಿಗಣೆ. ಶಿಫಾಳ ಊರು ಬಣಕಲ್‌ನಲ್ಲಿ ಅದನ್ನು ಹುಡುಕಬೇಕಾಗಿಲ್ಲ, ಸುಮ್ಮನೆ ನಿಂತರೆ ಅದೇ ಬಂದು ಕಾಲಿಗೆ ಹತ್ತುತ್ತದೆ. ಆದರೆ ಬೆಂಗಳೂರಿನ ಗಿಜಿಗಿಜಿಯ ನಡುವೆ ಇರುವ ಬುದ್ಧ ವಿಹಾರದಲ್ಲಿ ಅದಕ್ಕೇನು ಕೆಲಸ? ಕೆಲಸ ಇತ್ತು. ಪಕ್ಕದಲ್ಲೇ ಕಣ್ಣು ಮುಚ್ಚಿ ಕೂತಿದ್ದ ವಿಘ್ನೇಶನನ್ನು ಕಚ್ಚುವ ಕೆಲಸ.

ತಪ್ಪೆಲ್ಲ ವಿಘ್ನೇಶನದೇ ಎಂದು ಶಿಫಾಳ ವಾದ. ಐದನೇ ಕ್ಲಾಸಿನ ಟೂರ್ ಬಸ್ಸು ಬಣಕಲ್ ಬಿಟ್ಟಾಗ ಇಬ್ಬರಿಗೂ ಒಪ್ಪಂದ ಆಗಿತ್ತು. ಕಿಟಕಿ ಸೀಟು ಹಾಸನದ ತನಕ ಅವನಿಗೆ, ಆಮೇಲೆ ಇವಳಿಗೆ. ಹಾಸನ ಬರುತ್ತಿದ್ದಂತೆ ಅವನಿಗೆ ನಿದ್ದೆ ಬಂತು. ಎಷ್ಟು ಅಲುಗಾಡಿಸಿದರೂ ಏಳದ ನಿದ್ದೆ. ಮಿಸ್ ತಿಂಡಿ ಪೊಟ್ಟಣ ಹಂಚುವಾಗ ಮಾತ್ರ ಒಂದು ಕೈ ಎಚ್ಚರವಾಗಿ ಮುಂದೆ ಬಂದಿತ್ತು. ಇಂಬಳ ಹಿಂದಿನ ದಿನವೇ ಬಾಟಲಿ ಸೇರಿತ್ತು, ಯಾರಿಗಾದರೂ ಬೇಕಾಗುತ್ತದೆ ಎಂದು ಶಿಫಾ ಇಟ್ಟುಕೊಂಡಿದ್ದಳು. ಯಾರಿಗೆ ಎನ್ನುವುದು ನೆಲಮಂಗಲ ದಾಟುವಾಗ ಗೊತ್ತಾಯಿತು.

ಇದು ಅವತ್ತಿನ ಎರಡನೆಯ ವಿಹಾರ. ಮೊದಲನೆಯದರಲ್ಲಿ ಅಶ್ವಿನ್ ಪ್ರಾರ್ಥನೆಯ ಚಕ್ರವನ್ನು ಸೈಕಲ್ ಗಾಲಿಯಂತೆ ತಿರುಗಿಸಿದ್ದ. ಉಳಿದವರು ಚಪ್ಪಾಳೆ ತಟ್ಟಿದ್ದರು. ಪ್ರೇರಣಾ ಮಿಸ್ ಮುಖ ಕೆಂಪಗಾಗಿತ್ತು. ಅದಕ್ಕೇ ಇಲ್ಲಿ ಬಾಗಿಲಲ್ಲಿ ಚಪ್ಪಲಿ ಬಿಡುವಾಗಲೇ ಮಿಸ್ ಖಡಾಖಂಡಿತವಾಗಿ ಹೇಳಿದ್ದರು.

"ಒಳಗೆ ಒಂದೇ ಒಂದು ಸದ್ದು ಬರ್ಲಿ, ಮೆಟ್ರೋ ಕ್ಯಾನ್ಸಲ್. ಸೀದಾ ಬಸ್ ಹತ್ತಿ ಊರಿಗೆ."

ಶಿಫಾ ಟೂರಿಗೆ ಹೆಸರು ಕೊಟ್ಟಿದ್ದೇ ಮೆಟ್ರೋಗಾಗಿ. ಅವಳ ಅಬ್ಬ ಮೊಯ್ದು ಮೆಕ್ಯಾನಿಕ್. ಗ್ಯಾರೇಜಿಗೆ ಬರುವ ಜೀಪು, ಪಿಕಪ್, ಟ್ರ್ಯಾಕ್ಟರ್ ಎಲ್ಲವನ್ನೂ ಅವಳು ಹತ್ತಿ ಇಳಿದಾಗಿತ್ತು. ಮೆಟ್ರೋ ಒಂದು ಬಾಕಿ. ಅದರ ಬಾಗಿಲು ತಾನಾಗಿ ಹೇಗೆ ತೆರೆಯುತ್ತದೆ ಎಂದು ನೋಡಿಕೊಂಡು ಬಂದು ಹೇಳುತ್ತೇನೆಂದು ಅಬ್ಬನಿಗೆ ಮಾತು ಕೊಟ್ಟಿದ್ದಳು.

ಮಿಸ್ ಹೀಗೆ ಹೆದರಿಸುವಾಗ ಬಾಗಿಲ ಬಳಿ ನಿಂತಿದ್ದ ವಯಸ್ಸಾದ ಭಿಕ್ಷು ಎಲ್ಲ ಕೇಳಿಸಿಕೊಂಡು ನಕ್ಕಿದ್ದರು. ಅವರನ್ನು ಭಂತೇಜಿ ಎಂದು ಕರೆಯಬೇಕಂತೆ. ದೂರದ ಅರುಣಾಚಲದ ಬೆಟ್ಟದ ಕಡೆಯವರಂತೆ. ಕನ್ನಡ ಇಲ್ಲೇ ಕಲಿತದ್ದರಿಂದ ಒಂದೊಂದೇ ಪದ ಆರಿಸಿ ಮಾತಾಡುತ್ತಿದ್ದರು. ಹೊರಗೆ ರಸ್ತೆಯಲ್ಲಿ ಆಟೋ, ಬಸ್ಸುಗಳ ಹಾರ್ನ್ ಒಂದೇ ಸಮ ಕೇಳುತ್ತಿತ್ತು. ಒಳಗೆ ಬುದ್ಧನ ಮುಂದೆ ದೀಪ ಉರಿಯುತ್ತಿತ್ತು, ನೆಲ ತಣ್ಣಗಿತ್ತು. ಭಂತೇಜಿ ಮಕ್ಕಳ ಎದುರಿಗೆ ಚಕ್ಕಳಮಕ್ಕಳ ಹಾಕಿ ಕೂತು, ಕಣ್ಣು ಮುಚ್ಚಿ ಉಸಿರನ್ನು ಗಮನಿಸಿ ಎಂದಿದ್ದರು.

"ಎಲ್ಲಾದರೂ ತುರಿಕೆ ಬಂದರೆ ಕೆರೆಯಬೇಡಿ. ಸುಮ್ಮನೆ ನೋಡಿ. ಅದು ಬರುತ್ತದೆ, ಸ್ವಲ್ಪ ಹೊತ್ತು ಇರುತ್ತದೆ, ಹೋಗುತ್ತದೆ."

ಶಿಫಾ ಎಲ್ಲ ಲೆಕ್ಕ ಹಾಕಿದ್ದಳು. ಇಂಬಳ ಕಚ್ಚಿದರೆ ಆಗಲೇ ಗೊತ್ತಾಗುವುದಿಲ್ಲ. ವಿಘ್ನೇಶ ಅದನ್ನು ಕಂಡು ಕುಣಿದಾಡುವ ಹೊತ್ತಿಗೆ ಎಲ್ಲರೂ ಮೆಟ್ರೋ ಹತ್ತಿಯಾಗಿರುತ್ತದೆ. ಅವಳು ಒಂದು ಕಣ್ಣು ತೆರೆದು ಬಾಟಲಿಯನ್ನು ಅವನ ಪಾದದ ಹತ್ತಿರ ಮೆಲ್ಲಗೆ ಬಗ್ಗಿಸಿದಳು.

ಇಂಬಳ ಎದ್ದು ನಿಂತು ತಲೆ ಆಡಿಸಿತು. ವಿಘ್ನೇಶನ ಹೆಬ್ಬೆರಳ ತನಕ ಹೋಯಿತು. ಹೋಗಿ, ತಿರುಗಿಬಿಟ್ಟಿತು.

ಆಗ ಶಿಫಾಳ ಮೂಗಿಗೆ ವಾಸನೆ ಬಡಿಯಿತು. ವಿಘ್ನೇಶನ ಅಜ್ಜಿ ಭಾಗೀರಥಮ್ಮ ದಿನಾ ಬೆಳಿಗ್ಗೆ ಹೊಗೆಸೊಪ್ಪು ನೆನೆಸಿದ ಎಣ್ಣೆಯನ್ನು ಮೊಮ್ಮಗನ ಕಾಲಿಗೆ ಬಳಿದೇ ಸ್ಕೂಲಿಗೆ ಕಳಿಸುವವರು, ದಾರಿಯಲ್ಲಿ ಇಂಬಳ ಹತ್ತದಿರಲಿ ಎಂದು. ಬೆಂಗಳೂರಿಗೆ ಹೊರಟ ದಿನವೂ ಅವರು ಬಿಟ್ಟಿರಲಿಲ್ಲ. ದಾರಿಯುದ್ದಕ್ಕೂ ಅದೇ ವಾಸನೆ ಕುಡಿದುಕೊಂಡು ಬಂದಿದ್ದರೂ ಶಿಫಾಳ ತಲೆಗೆ ಹೊಳೆದಿರಲಿಲ್ಲ.

ಇಂಬಳ ಈಗ ಸೀದಾ ಭಂತೇಜಿಯ ಕಡೆ ಹೊರಟಿತು. ಶಿಫಾ ಮನಸ್ಸಿನಲ್ಲೇ ಅದಕ್ಕೆ ಬೈದಳು, ಬೇಡಿಕೊಂಡಳು, ತನ್ನದೇ ಕಾಲು ಕೊಡುತ್ತೇನೆಂದು ಆಸೆಯನ್ನೂ ತೋರಿಸಿದಳು. ಅದು ಕೇಳಲಿಲ್ಲ. ಅವಳ ಇನ್ನೊಂದು ಜೇಬಿನಲ್ಲಿ ಪೇರಲೆಗೆಂದು ತಂದ ಉಪ್ಪಿನ ಪೊಟ್ಟಣ ಇತ್ತು. ಒಂದು ಚಿಟಿಕೆ ಹಾಕಿದರೆ ಇಂಬಳ ಮುದುರಿ ಸಾಯುತ್ತದೆ. ಆದರೆ ಎದ್ದರೆ ಸದ್ದಾಗುತ್ತದೆ, ಸದ್ದಾದರೆ ಮೆಟ್ರೋ ಇಲ್ಲ.

ಅದು ಭಂತೇಜಿಯ ಪಾದ ಹತ್ತಿ, ಹೆಬ್ಬೆರಳ ಸಂದಿಯಲ್ಲಿ ಕಚ್ಚಿಕೊಂಡಿತು.

ಪಾದದ ಮೇಲೆ ತಣ್ಣಗೆ ಏನೋ ಹರಿದಂತಾಗಿ ಭಂತೇಜಿ ಕಣ್ಣು ತೆರೆದರು. ಪಾದ ನೋಡಿದರು, ಬಾಟಲಿ ನೋಡಿದರು, ಆಮೇಲೆ ಶಿಫಾಳ ತೆರೆದಿದ್ದ ಒಂದು ಕಣ್ಣನ್ನು ನೋಡಿದರು. ಅವಳು ಅದನ್ನೂ ಗಟ್ಟಿಯಾಗಿ ಮುಚ್ಚಿಕೊಂಡಳು. ಈಗ ಬೈಗುಳ ಬರುತ್ತದೆ, ಈಗ ಬರುತ್ತದೆ ಎಂದು ಕಾದಳು. ಬರಲಿಲ್ಲ. ಮತ್ತೆ ಇಣುಕಿದರೆ ಅವರು ಕಣ್ಣು ಮುಚ್ಚಿ ಕೂತಿದ್ದರು, ಇಂಬಳ ಕುಡಿಯುತ್ತಲೇ ಇತ್ತು. ಇಂಥದ್ದನ್ನು ಶಿಫಾ ಹುಟ್ಟಿದಾಗಿನಿಂದ ನೋಡಿರಲಿಲ್ಲ. ಎಸ್ಟೇಟಿನಲ್ಲಿ ಕೂಲಿಯಾಳುಗಳ ಲೆಕ್ಕ ಬರೆಯುವ ರೈಟರು ಉಮೇಶಣ್ಣನಿಗೆ ಅಷ್ಟು ದಪ್ಪ ಮೀಸೆ ಇದ್ದರೂ ಇಂಬಳ ಕಂಡರೆ ಒಂಟಿಕಾಲಲ್ಲಿ ಕುಣಿಯುತ್ತಿದ್ದರು.

ಬಹಳ ಹೊತ್ತಾದ ಮೇಲೆ ಭಂತೇಜಿ ಗಂಟೆ ಬಾರಿಸಿದರು. ಮಕ್ಕಳು ಕಣ್ಣು ತೆರೆದರು. ಇಂಬಳವನ್ನು ಕಂಡರೂ ಯಾರೂ ಉಸಿರೆತ್ತಲಿಲ್ಲ, ಎಲ್ಲರಿಗೂ ಮೆಟ್ರೋ ಬೇಕಿತ್ತು.

ಕಿರುಚಿದ್ದು ಪ್ರೇರಣಾ ಮಿಸ್. ಅವರು ದಾವಣಗೆರೆ ಕಡೆಯವರು, ಬಣಕಲ್ಲಿಗೆ ಬಂದು ಇನ್ನೂ ವರ್ಷವಾಗಿರಲಿಲ್ಲ. ಅವರ ಕೂಗಿನ ಮುಂದೆ ಹೊರಗಿನ ಹಾರ್ನ್‌ಗಳೂ ಸಪ್ಪೆಯಾದವು.

"ಶಿಫಾ, ನಿನ್ ಹತ್ರ ಉಪ್ಪು ಇರುತ್ತಲ್ಲ, ಕೊಡು ಬೇಗ," ಎಂದರು ಮಿಸ್.

ಶಿಫಾ ಪೊಟ್ಟಣ ತೆಗೆದಳು. ಭಂತೇಜಿ ಪಾದದ ಮೇಲೆ ಅಂಗೈಯನ್ನು ಕೊಡೆಯಂತೆ ಹಿಡಿದರು. ಅವಳ ಕೈ ಅಲ್ಲೇ ನಿಂತಿತು.

"ಬೇಡ ಮಿಸ್. ಹೊಟ್ಟೆ ತುಂಬಿದ್ರೆ ಅದೇ ಬೀಳತ್ತೆ," ಎಂದಳು. ಅಷ್ಟು ಹೇಳಿದ ಮೇಲೆ ಉಳಿದದ್ದೂ ತಾನಾಗಿ ಹೊರಗೆ ಬಂತು. "ನಾನೇ ತಂದಿದ್ದು. ವಿಘ್ನೇಶಂಗೆ ಅಂತ. ಭಂತೇಜಿಯವ್ರಿಗಲ್ಲ."

"ನಂಗ್ಯಾಕೆ ಮಾರಾಯ್ತಿ?" ಎಂದ ವಿಘ್ನೇಶ. ಆಮೇಲೆ ಕಿಟಕಿ ಸೀಟು ನೆನಪಾಗಿ ತಲೆ ಕೆರೆದುಕೊಂಡ.

ಮಿಸ್‌ಗೆ ಸಿಟ್ಟು ನೆತ್ತಿಗೇರಿತು. ಮೆಟ್ರೋ ಇಲ್ಲ, ಎಲ್ಲರೂ ಬಸ್ ಹತ್ತಿ ಎಂದುಬಿಟ್ಟರು. ಇಡೀ ಕ್ಲಾಸು ಶಿಫಾಳನ್ನು ದುರುಗುಟ್ಟಿ ನೋಡಿತು.

"ಮೇಡಂ," ಎಂದರು ಭಂತೇಜಿ ನಿಧಾನವಾಗಿ. "ಸದ್ದು ಬಂದರೆ ಮೆಟ್ರೋ ಇಲ್ಲ ಅಂದಿದ್ದಿರಿ. ಮಕ್ಕಳು ಸದ್ದು ಮಾಡಲಿಲ್ಲ. ನಾನೂ ಮಾಡಲಿಲ್ಲ."

ಮಿಸ್‌ಗೇ ನಗು ತಡೆಯಲಾಗಲಿಲ್ಲ, ಮೆಟ್ರೋಗೇ ಹೋಗೋಣ ಎಂದರು.

ಅಷ್ಟರಲ್ಲಿ ಇಂಬಳ ಮಾಗಿದ ಕಾಫಿ ಹಣ್ಣಿನಂತೆ ದಪ್ಪಗಾಗಿ ಉದುರಿತು. ಭಂತೇಜಿ ಅದನ್ನು ಕಾಗದದ ಚೂರಿನಲ್ಲಿ ಎತ್ತಿ ಶಿಫಾಳ ಬಾಟಲಿಗೇ ಇಳಿಸಿದರು. ಇಲ್ಲಿ ಎಲ್ಲ ಬರೀ ಸಿಮೆಂಟು, ಇದನ್ನು ಇದರ ಊರಿಗೇ ಕರೆದುಕೊಂಡು ಹೋಗು ಎಂದರು.

ಮೆಟ್ರೋ ಸ್ಟೇಷನ್ನಿನಲ್ಲಿ ಸೆಕ್ಯೂರಿಟಿಯವರು ಬಾಟಲಿಯಲ್ಲಿ ಏನು ಎಂದು ಕೇಳಿದಾಗ ಮಿಸ್ಸೇ ಮುಂದೆ ಬಂದು ಔಷಧಿ ಎಂದರು. ರೈಲಿನೊಳಗೆ ಶಿಫಾಳಿಗೆ ಬೇಕಾದಷ್ಟು ಜಾಗ ಸಿಕ್ಕಿತು. ಬಾಟಲಿ ಹಿಡಿದವಳ ಹತ್ತಿರ ಯಾರೂ ಬರಲಿಲ್ಲ. ಬಾಗಿಲು ತಾನಾಗಿ ತೆರೆದದ್ದನ್ನೂ ಮುಚ್ಚಿದ್ದನ್ನೂ ಅವಳು ಕಣ್ಣು ಮಿಟುಕಿಸದೆ ನೋಡಿದಳು, ಬಾಟಲಿ ಎತ್ತಿ ಹಿಡಿದು ಇಂಬಳಕ್ಕೂ ತೋರಿಸಿದಳು.

ಮರುದಿನ ಸಂಜೆ ಗ್ಯಾರೇಜಿನ ಹಿಂದಿನ ತೋಟದಲ್ಲಿ ಇಂಬಳವನ್ನು ಬಿಡುವಾಗ ವಿಘ್ನೇಶನೂ ಬಂದ, ಕಾಲಿನ ಎಣ್ಣೆ ತೊಳೆದುಕೊಂಡು. ಇಂಬಳ ಒಣಗಿದ ಎಲೆಗಳ ಅಡಿಗೆ ಹೋಯಿತು. ಪಂದ್ಯ ಕಟ್ಟಿದ್ದು ವಿಘ್ನೇಶನೇ. ಇಬ್ಬರೂ ಭಂತೇಜಿಯಂತೆ ಕಣ್ಣು ಮುಚ್ಚಿ ಕೂರಬೇಕು, ಮೊದಲು ಸದ್ದು ಮಾಡಿದವರಿಗೆ ಮುಂದಿನ ಟೂರಿನಲ್ಲಿ ಕಿಟಕಿ ಸೀಟಿಲ್ಲ.

ಸ್ವಲ್ಪ ಹೊತ್ತಿಗೇ ತೋಟದ ಇನ್ನೊಂದು ಇಂಬಳ ಕಾಲಿಗೆ ಹತ್ತಿ ವಿಘ್ನೇಶ ಕೂಗಿಕೊಂಡು ಓಡಿದ. ಶಿಫಾ ಗೆದ್ದಿದ್ದಳು, ಏಳಬಹುದಿತ್ತು. ಅಷ್ಟರಲ್ಲಿ ಅವಳ ಪಾದದ ಮೇಲೂ ತಣ್ಣಗೆ ಏನೋ ಏರತೊಡಗಿತು. ಕೊಡವು, ಕೊಡವು ಎಂದು ಮೈಯೆಲ್ಲ ಹೇಳಿತು. ಅವಳು ಹಲ್ಲು ಕಚ್ಚಿ ಕೂತಳು. ಸುಮ್ಮನೆ ಕೂರುವುದು ಇಷ್ಟು ಕಷ್ಟವೆಂದು ಅವಳಿಗೆ ಗೊತ್ತಿರಲಿಲ್ಲ.

ಭಂತೇಜಿ ಒಂದು ಸಲ ಅಯ್ಯೋ ಅಂದಿದ್ದರೂ ಸಾಕಿತ್ತು, ಮೆಟ್ರೋ ಕ್ಯಾನ್ಸಲ್ ಆಗಿರುತ್ತಿತ್ತು. ಬಾಗಿಲಲ್ಲಿ ಮಿಸ್ ಹೇಳಿದ್ದನ್ನು ಅವರು ಕೇಳಿಸಿಕೊಂಡಿದ್ದರಲ್ಲ, ಅದಕ್ಕೇ ಸಹಿಸಿಕೊಂಡರು ಎಂದು ಅವಳಿಗೆ ಈಗ ಹೊಳೆಯಿತು.

ಅಬ್ಬ ಗ್ಯಾರೇಜಿನ ಹಿಂಬಾಗಿಲಿಗೆ ಬಂದು ಇಣುಕಿದರು. "ಇಂಬಳ ಹತ್ತಿದೆ ನೋಡು ಮಗಾ. ಉಪ್ಪು ತರ್ಲಾ?"

ಶಿಫಾ ತುಟಿಯ ಮೇಲೆ ಬೆರಳಿಟ್ಟು, ಬೇಡ ಎಂದು ತಲೆಯಾಡಿಸಿದಳು.