ಅಕ್ಕಿ ಮಡಕೆಯಲ್ಲಿದ್ದ ಕಾಗದ

ಗಂಗೆ ಮೊಣಕಾಲುದ್ದದ ನೀರಿನಲ್ಲಿ ನಿಂತು ಕಾಲಬೆರಳುಗಳಿಂದ ಕೆಸರು ಕೆದಕುತ್ತಿದ್ದಳು. ಬಳಚು ಎಂಬ ಚಿಪ್ಪುಮೀನು ಸಿಗುವುದು ಕಣ್ಣಿಗಲ್ಲ, ಕಾಲಿಗೆ. ಹೆಬ್ಬೆರಳಿಗೆ ಗಟ್ಟಿಯಾದದ್ದು ತಾಗಿದರೆ ಬಗ್ಗಿ ಕೈ ಹಾಕಬೇಕು. ಕಲ್ಲಾದರೆ ಬಿಡಬೇಕು, ಚಿಪ್ಪಾದರೆ ಸೊಂಟದ ಬುಟ್ಟಿಗೆ ಹಾಕಬೇಕು. ಅರ್ಧ ಬುಟ್ಟಿ ತುಂಬಿತ್ತು. ನೀರು ಇನ್ನೂ ಇಳಿಯುತ್ತಿತ್ತು.

ಆಗ ಹೊಳೆಯ ನಡುಗಡ್ಡೆ ಮಾವಿನಕುರ್ವೆಯ ದಂಡೆಯಿಂದ ಒಬ್ಬ ಮನುಷ್ಯ ಪಂಚೆ ಎತ್ತಿ ಕಟ್ಟಿ, ಚಪ್ಪಲಿ ಕೈಯಲ್ಲಿ ಹಿಡಿದು, ಕಂಕುಳಲ್ಲಿ ಒಂದು ತೆಳ್ಳನೆಯ ಪುಸ್ತಕ ಇಟ್ಟುಕೊಂಡು ಹೊಳೆಗೆ ಇಳಿದ. ಇಳಿತ ಪೂರ್ತಿಯಾದಾಗ ಅಲ್ಲಿಂದ ನಡುಹೊಳೆಯ ಮರಳ ದಿಬ್ಬದವರೆಗೆ ನಡೆದೇ ಹೋಗಬಹುದು. ಆದರೆ ಪೂರ್ತಿಯಾಗಲು ಇನ್ನೂ ಒಂದು ತಾಸು ಇತ್ತು. ಗಂಗೆ ನೋಡುತ್ತ ನಿಂತಳು. ಮೊಣಕಾಲು ಮುಳುಗಿತು, ತೊಡೆ ಮುಳುಗಿತು, ಸೊಂಟಕ್ಕೆ ನೀರು ಬಂದಾಗ ಅವನು ಪುಸ್ತಕವನ್ನು ತಲೆಯ ಮೇಲೆ ಹಿಡಿದುಕೊಂಡು, ನೀರು ತನಗೆ ಕೊಟ್ಟ ಮಾತು ಮುರಿಯಿತೆಂಬಂತೆ ಸುತ್ತ ನೋಡಿದ.

"ಎಂತ ಮಾಸ್ತರೇ, ಹೊಳೆ ನಿಮ್ಮ ಪುಸ್ತಕ ಓದಲಿಲ್ಲ ಕಾಣ್ತದೆ."

ಅವನು ಯಾರೆಂದು ಗಂಗೆಗೆ ಗೊತ್ತಿತ್ತು. ಕುಮಟೆಯ ಮಹಾಬಲ, ನೆರೆಮನೆಯ ಸಣ್ಣಿಯತ್ತೆಯ ತಮ್ಮನ ಮಗ. ದೋಣಿ ನಡೆಸುವ ತಮ್ಮ ಜನರಲ್ಲಿ ಬೊಂಬಾಯಿಗೆ ಹೋಗಿ ಬಿ.ಎಸ್ಸಿ. ಮುಗಿಸಿದವನು ಅವನೊಬ್ಬನೇ. ಅದರ ಮುಂದಿನದನ್ನು ಓದುತ್ತಿದ್ದವನು ಮೇಷ್ಟರೊಂದಿಗೆ ಜಗಳವಾಡಿ ಬಿಟ್ಟು ಬಂದಿದ್ದಾನೆ, ಈಗ ಹೊನ್ನಾವರದ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುತ್ತಾನೆ ಎಂದು ಕುರ್ವೆಗೆಲ್ಲ ಸುದ್ದಿಯಾಗಿತ್ತು. ಏನು ಜಗಳ ಎಂಬುದು ಯಾರಿಗೂ ತಿಳಿದಿರಲಿಲ್ಲ.

ಪುಸ್ತಕ ಸರಕಾರದ್ದು, ಬಂದರಿನ ಉಬ್ಬರ ಇಳಿತದ ಪಟ್ಟಿ, ತಪ್ಪಾಗಲಿಕ್ಕೆ ಸಾಧ್ಯವಿಲ್ಲ ಎಂದು ಅವನು ವಾದಿಸಿದ. ನಾಲ್ಕು ಗಂಟೆಗೆ ಇಳಿತ ಎಂದಿದೆ, ತನ್ನ ಗಡಿಯಾರದಲ್ಲಿ ಈಗ ನಾಲ್ಕು. ಗಂಗೆ ಸೂರ್ಯನನ್ನೊಮ್ಮೆ ನೋಡಿ, ಅವನ ಕೈಯನ್ನೊಮ್ಮೆ ನೋಡಿ ನಕ್ಕಳು. ಜರ್ಮನಿಯ ಲಡಾಯಿ ನಡೆದಿದ್ದ ಕಾಲ ಅದು. ಸರಕಾರ ದೇಶದ ಗಡಿಯಾರಗಳನ್ನೆಲ್ಲ ಒಂದು ತಾಸು ಮುಂದೆ ತಿರುಗಿಸಿಟ್ಟಿತ್ತು. ಪಟ್ಟಿ ಮಾತ್ರ ಹಳೆಯ ಲೆಕ್ಕದ್ದೇ.

"ಗಡಿಯಾರಕ್ಕೆ ಲಡಾಯಿ ಸುದ್ದಿ ಮುಟ್ಟಿದೆ. ಹೊಳೆಗೆ ಯಾರೂ ಹೇಳಲಿಲ್ಲ."

ಮಹಾಬಲ ಸೊಂಟದುದ್ದದ ನೀರಿನಲ್ಲೇ ನಿಂತು ಅವಳನ್ನು ನೋಡಿದ. ನಾಚಿಕೆಯಾಗಿ ಮುಖ ತಿರುಗಿಸುವನೆಂದುಕೊಂಡಿದ್ದಳು ಗಂಗೆ. ಅವನ ಕಣ್ಣಿನಲ್ಲಿ ಕಂಡದ್ದು ಬೇರೆ. ಕಳೆದುಹೋದ ವಸ್ತುವನ್ನು ಯಾರೋ ತಂದುಕೊಟ್ಟಾಗ ನೋಡುತ್ತೇವಲ್ಲ, ಹಾಗೆ ನೋಡುತ್ತಿದ್ದ. ಕೊನೆಗೆ ಮುಖ ತಿರುಗಿಸಿದವಳು ಗಂಗೆಯೇ.

*

ಆ ಕಾಲದಲ್ಲಿ ಹೊನ್ನಾವರಕ್ಕೆ ಸೇತುವೆ ಇರಲಿಲ್ಲ. ಕುರ್ವೆಯಿಂದ ಪೇಟೆಗೆ ಹೋಗುವವರೆಲ್ಲ ದೋಣಿಯನ್ನೇ ನೆಚ್ಚಿದ್ದರು, ದೋಣಿಗಳಲ್ಲಿ ಒಂದು ಗಂಗೆಯ ಅಪ್ಪ ಜಟ್ಟನದು. ಅತ್ತೆಯ ಮನೆಯಲ್ಲಿ ಉಳಿದಿದ್ದ ಮಹಾಬಲ ದಿನವೂ ಅದರಲ್ಲೇ ಹೋಗಿ ಅದರಲ್ಲೇ ಬರುತ್ತಿದ್ದ. ಬಳಚಿನ ಬುಟ್ಟಿ ಹೊತ್ತು ಪೇಟೆಗೆ ಹೊರಡುವ ಗಂಗೆಗೂ ಅದೇ ದೋಣಿ. ಅವಳು ಮುಂದಿನ ತುದಿಯಲ್ಲಿ, ಅವನು ನಡುವಿನ ಹಲಗೆಯ ಮೇಲೆ. ದೋಣಿ ನಡುಹೊಳೆಗೆ ಬಂದಾಗ ಗಾಳಿ ಅವಳ ಸೆರಗನ್ನು ಹಾರಿಸುತ್ತಿತ್ತು. ಅವಳು ಅದನ್ನು ಹಿಡಿಯಲು ತಿರುಗಿದಾಗಲೆಲ್ಲ ಅವನು ಬಹಳ ಗಂಭೀರವಾಗಿ ಆಕಾಶ ನೋಡುತ್ತಿದ್ದ. ಎರಡು ವಾರಗಳಲ್ಲಿ ಅವಳಿಗೆ ಅರ್ಥವಾಗಿಹೋಯಿತು. ಆಕಾಶದಲ್ಲಿ ನೋಡುವಂಥದ್ದು ಏನೂ ಇರಲಿಲ್ಲ.

ನೀರಿನ ಲೆಕ್ಕ ನಿನಗೆ ಹೇಗೆ ಗೊತ್ತು ಎಂದು ಒಂದು ದಿನ ಕೇಳಿದ. ಗಂಗೆ ಹೇಳಿಕೊಟ್ಟಳು. ಅಮಾವಾಸ್ಯೆಯಿಂದಲೋ ಹುಣ್ಣಿಮೆಯಿಂದಲೋ ದಿನ ಎಣಿಸಬೇಕು, ದಿನಕ್ಕೆ ಮುಕ್ಕಾಲು ತಾಸಿನಂತೆ ತಡ ಸೇರಿಸಬೇಕು, ಅಷ್ಟೇ. ಯಾಕೆ ಮುಕ್ಕಾಲು ಎಂದು ಅವನು ಕೇಳಿದ. ಅದು ಅವಳಿಗೆ ಗೊತ್ತಿರಲಿಲ್ಲ. ಅವಳ ಅಜ್ಜಿಗೂ ಗೊತ್ತಿರಲಿಲ್ಲ.

"ಲೆಕ್ಕ ಸರಿ ಬಂದ್ರೆ ಬಳಚು ಸಿಗ್ತದೆ. ಮತ್ತೆಂತ ಬೇಕು?"

ಮಹಾಬಲ, "ನಮ್ಮ ಪ್ರೊಫೆಸರೂ ಇದನ್ನೇ ಹೇಳಿದ್ದರು" ಎಂದ.

ಜಗಳದ ಕಥೆ ಹೊರಬಂದದ್ದು ಆಗ. ಈಗ ಹೊಸ ವಿಜ್ಞಾನವೊಂದು ಬಂದಿದೆ, ಕ್ವಾಂಟಮ್ ಎನ್ನುತ್ತಾರೆ. ಬಹಳ ಬಹಳ ಸಣ್ಣ ವಸ್ತುಗಳ ವಿಚಾರ. ಬೆಳಕನ್ನೇ ತೆಗೆದುಕೊ, ಎಂದು ಅವನು ಮೀನಿಗಾಗಿ ಹೊಳೆಯಲ್ಲಿ ಕಟ್ಟಿದ ಕಲ್ಲಿನ ಒಡ್ಡನ್ನು ತೋರಿಸಿದ. ಒಡ್ಡಿಗೆ ಎರಡು ಕಂಡಿ. ಎರಡರಿಂದಲೂ ಅಲೆ ನುಗ್ಗಿ ಈಚೆ ಬಂದು ಒಂದನ್ನೊಂದು ಕೂಡುತ್ತದೆ, ಕೆಲವು ಕಡೆ ಎತ್ತರ, ಕೆಲವು ಕಡೆ ಚಪ್ಪಟೆ. ಎರಡು ಸಣ್ಣ ಕಂಡಿಗಳಿಂದ ಹಾಯಿಸಿದರೆ ಬೆಳಕೂ ಹೀಗೆಯೇ ಎದುರಿನ ಪರದೆಯ ಮೇಲೆ ಪಟ್ಟೆ ಪಟ್ಟೆಯಾಗಿ ಬೀಳುತ್ತದೆ. ಆದರೆ ಬೆಳಕನ್ನು ತೀರಾ ಮಂದ ಮಾಡಿ, ಒಂದು ಸಲಕ್ಕೆ ಬೆಳಕಿನ ಒಂದೇ ಕಾಳು, ಅಂದರೆ ಅದರ ಅತಿ ಸಣ್ಣ ತುಣುಕು, ಹೋಗುವಂತೆ ಮಾಡಿದರೂ, ತಿಂಗಳುಗಟ್ಟಲೆ ಕಾದರೆ ಅದೇ ಪಟ್ಟೆ ಮೂಡುತ್ತದೆ.

"ಒಂದೇ ಕಾಳು ಎರಡು ಕಂಡಿಯಲ್ಲಿ ಹೋಗೂದು ಹೆಂಗೆ?"

"ಅದನ್ನೇ ನಾನೂ ಕೇಳಿದ್ದು. ಹೋಗುವಾಗ ಅದು ನಿಜವಾಗಿ ಎಲ್ಲಿತ್ತು ಅಂತ. ಹಾಗೆ ಕೇಳಬಾರದು, ಎಲ್ಲಿ ಬಿದ್ದೀತು ಎಂಬುದರ ಸಂಭವ ಇಷ್ಟಿಷ್ಟು ಎಂದು ಮಾತ್ರ ಹೇಳಬಹುದು ಅಂದರು. ಲೆಕ್ಕ ಕೂದಲೆಳೆಯಷ್ಟೂ ತಪ್ಪುವುದಿಲ್ಲ ಗಂಗೆ. ಆದರೆ ಅಲ್ಲಿ ಇರುವುದು ಎಂತ ಅಂತ ಆ ಲೆಕ್ಕ ಹೇಳುವುದಿಲ್ಲ."

ಇಷ್ಟಕ್ಕೇ ಬಿಟ್ಟು ಬಂದರೇ ಎಂದು ಅವಳಿಗೆ ಆಶ್ಚರ್ಯವಾಯಿತು. ಆದರೆ ಆ ಪ್ರಶ್ನೆ ಅವಳನ್ನೂ ಬಿಡಲಿಲ್ಲ. ಅಂದು ಪೇಟೆಯಿಂದ ಮರಳಿದ ಮೇಲೆ ಒಡ್ಡಿನ ಬಳಿ ಒಬ್ಬಳೇ ನಿಂತು ಬಹಳ ಹೊತ್ತು ಅಲೆಗಳನ್ನು ನೋಡಿದಳು. ಮಾರನೆಯ ದಿನ ಅವನಿಗೆ ಹೇಳಿದಳು, ತನ್ನ ಮುಕ್ಕಾಲು ತಾಸಿನ ಲೆಕ್ಕ ಮಳೆಗಾಲದಲ್ಲಿ ನಡೆಯುವುದಿಲ್ಲ. ಘಟ್ಟದ ನೀರು ಇಳಿದು ಬಂದಾಗ ಹೊಳೆಗೆ ಸಮುದ್ರದ ಮಾತು ಕೇಳಿಸುವುದಿಲ್ಲ. ಹಾಗೆಂದು ಲೆಕ್ಕ ಸುಳ್ಳಲ್ಲ. ಅದಕ್ಕೂ ಒಂದು ಗಡಿ ಇದೆ, ಗಡಿಯಾಚೆ ಬೇರೆ ಲೆಕ್ಕ ಬೇಕು. ಮಹಾಬಲ ಇದನ್ನು ಪುಸ್ತಕದ ಅಂಚಿನಲ್ಲಿ ಬರೆದುಕೊಂಡ. ತಾನು ಆಡಿದ ಮಾತನ್ನು ಒಬ್ಬರು ಬರೆದುಕೊಳ್ಳುವುದನ್ನು ಗಂಗೆ ಜೀವನದಲ್ಲಿ ಮೊದಲ ಸಲ ನೋಡಿದ್ದಳು. ಬುಟ್ಟಿಯಲ್ಲಿ ಬಳಚು ಎಷ್ಟಿದೆ ಎಂದು ಅಂದು ಅವಳಿಗೆ ನೆನಪೇ ಉಳಿಯಲಿಲ್ಲ.

ಸಣ್ಣಿಯತ್ತೆಯ ಕಣ್ಣು ತಪ್ಪಿಸುವುದುಂಟೇ. "ಬೊಂಬಾಯಿಯವರು ಇವಂಗೆ ಇಲ್ಲದ್ದನ್ನ ಹುಡುಕೂಕೆ ಕಲಿಸಿದ್ರು" ಎಂದು ಜಗಲಿಯಲ್ಲಿ ಕುಳಿತು ಹೇಳುತ್ತಿದ್ದಳು. "ಈಗ ಇದ್ದದ್ದನ್ನ ಹುಡುಕೂಕೆ ನಮ್ಮ ಗಂಗೆ ಕಲಿಸ್ತಾಳೆ."

*

ಮುಂದಿನ ವರ್ಷ ಮಳೆ ಮುಗಿಯುವ ಹೊತ್ತಿಗೆ ಮಹಾಬಲನಿಗೆ ಚಳಿಜ್ವರ ಬಂತು. ಹತ್ತು ದಿನ ಮಲಗಿದ್ದ. ಗಂಜಿ ಕೊಡಲು ಹೋದ ಗಂಗೆಯ ಕೈಗೆ ಅವನು ಒಂದು ಲಕೋಟೆ ಕೊಟ್ಟ. ಬೊಂಬಾಯಿಯ ಪ್ರೊಫೆಸರಿಗೆ ಬರೆದದ್ದು, ಅಂಚೆಗೆ ಹಾಕಿಬಿಡು ಎಂದ. ಮತ್ತೆ ಓದಲು ಬರುತ್ತೇನೆ, ಸೇರಿಸಿಕೊಳ್ಳಿ ಎಂದು ಕೇಳಿದ್ದಾನಂತೆ.

ಕುರ್ವೆಯಲ್ಲಿ ಅಂಚೆಪೆಟ್ಟಿಗೆ ಇರಲಿಲ್ಲ. ಯಾರು ಬೆಳಗಿನ ದೋಣಿ ಹತ್ತುತ್ತಾರೋ ಅವರ ಕೈಯಲ್ಲಿ ಊರಿನ ಕಾಗದಗಳನ್ನೆಲ್ಲ ಕೊಡುವುದು ರೂಢಿ. ಯಾರ ಕಾಗದವೂ ಎಂದೂ ತಪ್ಪಿಹೋಗಿರಲಿಲ್ಲ. ಜಗಳವಾಡಿ ಮಾತು ಬಿಟ್ಟವರ ಕಾಗದವನ್ನೂ ಒಯ್ದು ಹಾಕುತ್ತಿದ್ದರು. ಗಂಗೆಯೂ ಲಕೋಟೆಯನ್ನು ಸೆರಗಿನಲ್ಲಿ ಕಟ್ಟಿಕೊಂಡು ಅಂಚೆಕಚೇರಿಯ ಮೆಟ್ಟಿಲವರೆಗೆ ಹೋದಳು. ಕೈ ಮುಂದೆ ಹೋಗಲಿಲ್ಲ. ನಾಳೆ ಹಾಕಿದರಾಯಿತು ಎಂದುಕೊಂಡು ಮನೆಗೆ ತಂದು ಅಕ್ಕಿ ಮಡಕೆಯೊಳಗೆ ಇಟ್ಟಳು. ನಾಳೆಯೂ ಹಾಗೆಯೇ ಆಯಿತು, ನಾಡಿದ್ದೂ.

ಜ್ವರ ಬಿಟ್ಟ ಮೇಲೆ ಮಹಾಬಲ ಉತ್ತರಕ್ಕೆ ಕಾದ. ಲಡಾಯಿಯ ಕಾಲ, ಟಪಾಲು ತಡ ಎಂದ. ಆಮೇಲೆ, ಅವರಿಗೆ ಸಿಟ್ಟು ಇಳಿದಿಲ್ಲ ಎಂದ. ಆಮೇಲೆ ಹೇಳುವುದನ್ನೇ ಬಿಟ್ಟ. ಮತ್ತೊಮ್ಮೆ ಬರೆಯಲು ಅವನ ಅಭಿಮಾನ ಬಿಡಲಿಲ್ಲ. ಅಕ್ಕಿ ತೆಗೆಯುವಾಗಲೆಲ್ಲ ಗಂಗೆಯ ಬೆರಳಿಗೆ ಲಕೋಟೆಯ ಅಂಚು ತಾಗುತ್ತಿತ್ತು. ಒಂದು ವರ್ಷ, ದಿನಕ್ಕೆರಡು ಸಲ.

ಲಡಾಯಿ ಮುಗಿಯಿತು. ದೀಪಾವಳಿ ಕಳೆದ ಮೇಲೆ ಒಂದು ಮಧ್ಯಾಹ್ನ ಗಂಗೆ ಅಂಗಳದಲ್ಲಿ ಬಳಚು ಬಿಡಿಸುತ್ತಿದ್ದಾಗ ಮಹಾಬಲ ಬಂದು ಎದುರಿಗೆ ಕುಳಿತ. ಬೊಂಬಾಯಿಯ ಬಾಗಿಲು ಮುಚ್ಚಿತು, ಇನ್ನು ಹೊನ್ನಾವರವೇ ತನ್ನ ಊರು, ನಿನ್ನ ಅಪ್ಪನ ಹತ್ತಿರ ಮಾತಾಡಲೇ ಎಂದು ಕೇಳಿದ. ಕೇಳುವಾಗ ಒಂದು ಖಾಲಿ ಚಿಪ್ಪನ್ನು ಹಿಂದೆ ಮುಂದೆ ತಿರುಗಿಸುತ್ತಿದ್ದ.

ಎರಡು ವರ್ಷದಿಂದ ಅವಳು ಕಾದಿದ್ದ ಮಾತು. ಹೂಂ ಎಂದರೆ ಮುಗಿಯಿತು. ಯಾರಿಗೂ ಎಂದಿಗೂ ತಿಳಿಯುವುದಿಲ್ಲ.

ಗಂಗೆ ಎದ್ದು ಒಳಗೆ ಹೋದಳು. ಹೊರಬಂದಾಗ ಅವಳ ಕೈಯಲ್ಲಿ ಅಕ್ಕಿಯ ಹುಡಿ ಮೆತ್ತಿದ ಲಕೋಟೆ ಇತ್ತು. ಅದನ್ನು ಅವನ ಮುಂದೆ ನೆಲದ ಮೇಲಿಟ್ಟಳು.

ಅವನು ಅದನ್ನು ಮುಟ್ಟಲಿಲ್ಲ. "ಓದಿದೆಯಾ?" ಎಂದಷ್ಟೇ ಕೇಳಿದ.

"ಇಂಗ್ಲಿಷ್ ಓದೂಕೆ ನಂಗೆ ಬರೂದಿಲ್ಲ. ನೀವು ಹೋಗ್ತ್ರಿ ಅಂತ ಮಾತ್ರ ಗೊತ್ತಿತ್ತು."

ಅವನು ಲಕೋಟೆ ಎತ್ತಿಕೊಂಡು ಹೊರಟುಹೋದ. ಎಂಟು ದಿನ ಜಟ್ಟನ ದೋಣಿ ಹತ್ತಲಿಲ್ಲ, ಬೇರೆಯವರ ದೋಣಿಯಲ್ಲಿ ಹೋದ. ಮಾಸ್ತರಿಗೆ ನಾನೆಂತ ಮಾಡಿದೆ ಎಂದು ಅಪ್ಪ ಕೇಳಿದಾಗ ಗಂಗೆ, ನೀನು ಏನೂ ಮಾಡಲಿಲ್ಲ ಎಂದಳು. ಆ ಎಂಟು ದಿನ ಅವಳು ಅಳಲಿಲ್ಲ. ಅಳುವ ಹಕ್ಕು ತನಗಿಲ್ಲವೆಂದು ಅವಳಿಗೆ ಅನಿಸಿತ್ತು.

*

ಒಂಬತ್ತನೆಯ ದಿನ ಇಳಿತದ ಹೊತ್ತಿಗೆ ಅವನು ಅವಳಿದ್ದಲ್ಲಿಗೆ ನೀರಿಗಿಳಿದು ಬಂದ. ಎರಡು ಮಾರು ದೂರದಲ್ಲಿ ನಿಂತ. ಬೈಯಲಿಕ್ಕೆ ಬಂದದ್ದು ಎಂದೇ ಅವಳು ತಿಳಿದಿದ್ದಳು.

"ಒಂದು ವರ್ಷ ಲೆಕ್ಕ ಹಾಕಿದೆ ನಾನು" ಎಂದ. "ಕಾಗದ ಮುಟ್ಟಿರಬಹುದು, ಮುಟ್ಟದೇ ಇರಬಹುದು, ಅವರು ಓದಿ ಹರಿದಿರಬಹುದು. ಎಲ್ಲಕ್ಕೂ ಇಷ್ಟಿಷ್ಟು ಸಂಭವ ಅಂತ."

"ಕಾಗದ ಅಕ್ಕಿ ಮಡಕೆಯಲ್ಲೇ ಇತ್ತು. ಸಂಭವ ಎಲ್ಲ ಇದ್ದದ್ದು ನಿಮ್ಮ ತಲೆಯಲ್ಲಿ."

ಮಹಾಬಲ ನಗಬಾರದೆಂದು ತಡೆದುಕೊಂಡ. ಆಗಲಿಲ್ಲ. "ಇದನ್ನೇ ನಾನು ಪ್ರೊಫೆಸರಿಗೆ ಹೇಳಿದ್ದು. ನಮಗೆ ಗೊತ್ತಿಲ್ಲದಿದ್ದರೂ ವಸ್ತು ಎಲ್ಲೋ ಒಂದು ಕಡೆ ಇದ್ದೇ ಇರಬೇಕು ಅಂತ."

"ಅವ್ರು ಎಂತ ಅಂದ್ರು?"

"ಬೆಳಕಿನ ಕಾಳಿಗೆ ಅಂಥ ಒಂದು ಜಾಗ, ನಿನ್ನ ಅಕ್ಕಿ ಮಡಕೆಯಂಥದ್ದು, ಇಲ್ಲ ಅಂದರು." ಅವನು ಒಂದು ಹೆಜ್ಜೆ ಹತ್ತಿರ ಬಂದ. "ಒಂದು ಮಾತು ಕೇಳ್ತೇನೆ, ಖರೆ ಹೇಳು. ಆ ವರ್ಷವೆಲ್ಲ ನಿನ್ನ ಮನಸ್ಸಿನಲ್ಲಿ ಎಂತ ಇತ್ತು? ಹಾಕಬೇಕು ಅಂತಲೋ, ಹಾಕಬಾರದು ಅಂತಲೋ?"

ಗಂಗೆ ಯೋಚಿಸಿದಳು. ಸುಳ್ಳು ಹೇಳಿ ಮೆಚ್ಚಿಸುವ ಕಾಲ ಮುಗಿದಿತ್ತು.

"ಎರಡೂ ಇತ್ತು. ಅರ್ಧ ಅದು ಅರ್ಧ ಇದು ಅಲ್ಲ. ಎರಡೂ ಪೂರ್ತಿ ಇತ್ತು."

"ಒಳಗೆ ಎಲ್ಲೋ ಒಂದೇ ಇತ್ತು, ನಿನಗೆ ಗೊತ್ತಾಗಲಿಲ್ಲ, ಅಷ್ಟೇ ಅಲ್ಲವಾ?"

"ಇಲ್ಲ. ಹುಡುಕಿ ನೋಡಿದೆ ನಾನು. ದಿನಾ ಹುಡುಕಿದೆ. ಇರಲಿಲ್ಲ."

ನೀರು ಅವರಿಬ್ಬರ ಮೊಣಕಾಲಿನಿಂದ ಕೆಳಗೆ ಸರಿಯುತ್ತಿತ್ತು. ಮಹಾಬಲ ಬಹಳ ಮೆಲ್ಲನೆ, "ಹಾಗಾದರೆ ಪ್ರೊಫೆಸರು ಪೂರ್ತಿ ತಪ್ಪಲ್ಲ" ಎಂದ. "ಕಾಗದ ಮಾತ್ರ ಮಡಕೆಯಲ್ಲೇ ಇತ್ತಲ್ಲ, ನಾನೂ ಪೂರ್ತಿ ತಪ್ಪಲ್ಲ" ಎಂದು ಸೇರಿಸಿದ.

ಮಾರನೆಯ ಬೆಳಿಗ್ಗೆ ಅವನು ಜಟ್ಟನ ದೋಣಿ ಹತ್ತಿದ. ನಡುಹಲಗೆ ಬಿಟ್ಟು ಮುಂದಿನ ತುದಿಗೆ ಬಂದು ಗಂಗೆಯ ಪಕ್ಕ ಕುಳಿತ. ಲಕೋಟೆ ಹೊಸದು, ಇನ್ನೂ ಅಂಟಿಸಿರಲಿಲ್ಲ. ಕಾಗದ ಹಳೆಯದೇ. ಅದರಲ್ಲಿ ಒಂದು ಸಾಲನ್ನು ಹೊಡೆದುಹಾಕಿದ್ದೇನೆ, ಎಂದು ತೋರಿಸಿದ. ತಾನು ಕೇಳಿದ ಪ್ರಶ್ನೆ ತಪ್ಪು, ಕ್ಷಮಿಸಿ ಎಂದು ಜ್ವರದಲ್ಲಿ ಬರೆದ ಸಾಲು ಅದು. ಪ್ರಶ್ನೆ ತಪ್ಪಲ್ಲ, ಉತ್ತರ ಇನ್ನೂ ಯಾರ ಹತ್ತಿರವೂ ಇಲ್ಲ, ಅಷ್ಟೇ ಎಂದ. ಆಮೇಲೆ ಕೊನೆಗೆ ಸೇರಿಸಿದ ಒಂದು ಸಾಲನ್ನು ಕನ್ನಡದಲ್ಲಿ ಓದಿ ಹೇಳಿದ. ಸೀಟು ಕೊಟ್ಟರೆ ಹೆಂಡತಿಯೊಂದಿಗೆ ಬರುತ್ತೇನೆ, ಇಬ್ಬರು ಇರುವಂಥ ಖೋಲಿ ಎಲ್ಲಿ ಸಿಕ್ಕೀತು ತಿಳಿಸಬೇಕು.

ಹಿಂದೆ ಕುಳಿತು ಹುಟ್ಟು ಹಾಕುತ್ತಿದ್ದ ಜಟ್ಟನಿಗೆ ಗಾಳಿಯಲ್ಲಿ ಇದು ಕೇಳಿಸಲಿಲ್ಲ.

"ಕೇಳದೇ ಬರೆದ್ರಿ" ಎಂದಳು ಗಂಗೆ, ನೀರು ನೋಡುತ್ತ.

"ಈಗ ಕೇಳ್ತಾ ಇದ್ದೇನೆ." ಅವನು ಲಕೋಟೆಯ ಜೊತೆ ಒಂದು ಪೆನ್ಸಿಲನ್ನೂ ಅವಳ ಮಡಿಲಿಗೆ ಹಾಕಿದ. "ಆ ಸಾಲು ಬೇಡ ಅಂದರೆ ಗೀಟು ಹಾಕಿಬಿಡು. ಹಾಕಿದರೂ ಬೇಜಾರಿಲ್ಲ. ಆಮೇಲೆ ಅಂಟಿಸಿ ನೀನೇ ಅಂಚೆಗೆ ಹಾಕು. ನಾನು ಬರೂದಿಲ್ಲ, ದೋಣಿಯಲ್ಲೇ ಇರ್ತೇನೆ."

"ಮತ್ತೂ ನನ್ನ ಕೈಯಲ್ಲೇ ಕೊಡ್ತ್ರಾ?"

"ಮತ್ತ್ಯಾರ ಕೈಯಲ್ಲಿ ಕೊಡಲಿ?"

ಹೊನ್ನಾವರದ ಬಂದರಿನಲ್ಲಿ ಗಂಗೆ ಬುಟ್ಟಿಯನ್ನು ದೋಣಿಯಲ್ಲೇ ಬಿಟ್ಟು ಇಳಿದಳು. ಪೇಟೆಯ ಕೆಂಪು ಧೂಳಿನ ದಾರಿ, ಅಂಗಡಿ ಬಾಗಿಲು ತೆಗೆಯುವವರು, ಕುಮಟೆಯ ಬಸ್ಸಿಗೆ ಕಾದು ನಿಂತವರು. ಯಾರೋ ಬಳಚು ತರಲಿಲ್ಲವೇ ಎಂದು ಕೇಳಿದರು, ಅವಳಿಗೆ ಕೇಳಿಸಲಿಲ್ಲ. ಅಂಚೆಕಚೇರಿಯ ಮೆಟ್ಟಿಲ ಮೇಲೆ ನಿಂತು ಕಾಗದ ಬಿಡಿಸಿದಳು. ಕೊನೆಯ ಸಾಲು ಯಾವುದೆಂದು ತಿಳಿಯಲು ಇಂಗ್ಲಿಷ್ ಬೇಕಿರಲಿಲ್ಲ. ಶಾಯಿ ಹೊಸದಾಗಿ, ಕಪ್ಪಾಗಿ ಹೊಳೆಯುತ್ತಿತ್ತು. ಅದರ ಮೇಲೆ ಬೆರಳಿಟ್ಟು ಒಂದು ತುದಿಯಿಂದ ಇನ್ನೊಂದು ತುದಿಯವರೆಗೆ ಮೆಲ್ಲಗೆ ಸರಿಸಿದಳು.

ಗೀಟು ಹಾಕಲಿಲ್ಲ, ಪೆನ್ಸಿಲನ್ನು ಮುಡಿಗೆ ಸಿಕ್ಕಿಸಿಕೊಂಡಳು. ಕಾಗದ ಮಡಚಿ ಒಳಗಿಟ್ಟು, ಅಂಟಿಗೆ ನಾಲಿಗೆ ತಾಗಿಸಿ, ಲಕೋಟೆಯನ್ನು ಗೋಡೆಗೆ ಹಿಡಿದು ಅಂಗೈಯಿಂದ ಎರಡು ಸಲ ಒತ್ತಿದಳು. ಪೆಟ್ಟಿಗೆಯ ಬಾಯೊಳಗೆ ಕೈ ಮಣಿಕಟ್ಟಿನವರೆಗೂ ಹೋಗುವಂತೆ ಹಾಕಿ, ಬೆರಳು ಬಿಟ್ಟಳು. ಒಳಗೆ ಬೇರೆಯವರ ಕಾಗದಗಳ ಮೇಲೆ ಅದು ಬಿದ್ದ ಸದ್ದು ಕೇಳಿಸಿತು.