ಹನ್ನೊಂದನೇ ಕೋಣೆಯ ಕುರ್ಚಿ

ಕಿರ್ರ್ ಎಂದು ಕುರ್ಚಿಯೊಂದು ಸದ್ದು ಮಾಡಿತು.

ಸದ್ದು ಬಂದದ್ದು ಮೇಲಿನಿಂದ, ಹನ್ನೊಂದನೇ ಕೋಣೆಯಿಂದ. ವಿದ್ಯಾರ್ಥಿನಿಲಯದ ಬಾಗಿಲ ಪಕ್ಕದ ಗಾಜಿನ ಗೂಡಿನಲ್ಲಿ ಕೂತಿದ್ದ ರಾತ್ರಿ ಕಾವಲಿನ ಒತಿಲಿಯಾ ತಲೆಯೆತ್ತಿ ಗಡಿಯಾರ ನೋಡಿದಳು. ಹನ್ನೊಂದು ನಲವತ್ತು. ಸ್ವಲ್ಪ ಹೊತ್ತು ನಿಶ್ಶಬ್ದ. ಮತ್ತೆ ಕಿರ್ರ್. ಆಮೇಲೆ ಬಾಗಿಲು ಎಳೆದುಕೊಂಡ ಸದ್ದು. ಹುಡುಗಿ ಸಾಮಾನು ಕಟ್ಟುತ್ತಿರಬೇಕು ಎಂದುಕೊಂಡು ಅವಳು ಹೆಣಿಗೆಗೆ ಮರಳಿದಳು.

ಬೆಳಿಗ್ಗೆ ಆರಕ್ಕೆ ಆ ಹುಡುಗಿಯೇ ಬರಿಗಾಲಲ್ಲಿ ಮೆಟ್ಟಿಲಿಳಿದು ಬಂದಳು. ಲಿಯೊನೋರ್. ಚಿತ್ರಕಲೆ ಕಲಿಯಲು ಪೋರ್ಚುಗಲ್‌ನಿಂದ ಕ್ರಾಕೋವ್‌ಗೆ ಬಂದು ಐದು ತಿಂಗಳಾಗಿತ್ತು. ಮಾರನೆಯ ದಿನ ಊರಿಗೆ ವಿಮಾನ. ಅಲ್ಲಿಯವರಂತೆ ಹೆಂಗಸರನ್ನು ‘ಪಾನಿ’, ಗಂಡಸರನ್ನು ‘ಪಾನ್’ ಎಂದು ಮರ್ಯಾದೆಯಿಂದ ಕರೆಯಲು ಕಲಿತಿದ್ದಳು.

“ಪಾನಿ ಒತಿಲಿಯಾ, ನನ್ನ ಚಿತ್ರದ ಪುಸ್ತಕ ಕಾಣ್ತಿಲ್ಲ. ಯಾರೋ ಕದ್ದಿದ್ದಾರೆ.”

“ಸರಿಯಾಗಿ ಹುಡುಕಿದ್ಯಾ?”

“ಪೆಟ್ಟಿಗೆ ಎಲ್ಲಾ ಬಿಚ್ಚಿ ಹುಡುಕಿದೆ. ಹನ್ನೊಂದು ಗಂಟೆಗೆ ಪರೀಕ್ಷೆ. ಇಡೀ ಸೆಮಿಸ್ಟರ್‌ಗೆ ಇರೋದು ಅದೊಂದೇ ಪುಸ್ತಕ. ಅದಿಲ್ದೆ ಹೋದ್ರೆ ಫೇಲು. ಊರಲ್ಲಿ ಮತ್ತೆ ಒಂದು ವರ್ಷ ಕೂರಬೇಕು.”

“ರಾತ್ರಿ ಹನ್ನೊಂದೂ ಮುಕ್ಕಾಲರ ಹೊತ್ತಿಗೆ ನೀನು ಕೋಣೇಲೇ ಇದ್ಯಲ್ಲ?”

“ಇಲ್ಲ. ಎಂಟರಿಂದ ಒಂದರವರೆಗೂ ಅಡುಗೆಮನೇಲಿದ್ದೆ. ನಮ್ಮ ಬೀಳ್ಕೊಡುಗೆ ಊಟ ಇತ್ತು. ಕೋಣೆಗೆ ಬೀಗ ಹಾಕಿದ್ದೆ.”

ಒತಿಲಿಯಾಳ ಕೈಯಲ್ಲಿದ್ದ ಸೂಜಿ ನಿಂತಿತು. ಹಾಗಾದರೆ ತಾನು ಕೇಳಿದ್ದು ಕಳ್ಳನ ಸದ್ದು. ಅದೂ ತನ್ನ ಪಾಳಿಯಲ್ಲಿ, ತನ್ನ ತಲೆಯ ಮೇಲೆಯೇ.

* * *

ಮೊದಲ ಅನುಮಾನ ಕಾಯೆತಾನ್ ಮೇಲೆ. ಕ್ರಾಕೋವ್‌ನದೇ ಹುಡುಗ. ಹೋಗಬೇಡ ಎಂದು ಒಂದು ವಾರದಿಂದ ಲಿಯೊನೋರ್‌ಳ ಹಿಂದೆ ಬಿದ್ದಿದ್ದ. ಒತಿಲಿಯಾ ಫೋನ್ ಮಾಡಿದಳು.

“ಈ ಹೊತ್ತಲ್ಲಿ ಕೋಳಿನೂ ಎದ್ದಿರಲ್ಲ ಪಾನಿ,” ಎಂದ ಅವನು ಆಕಳಿಸುತ್ತ.

“ನಿನ್ನೆ ರಾತ್ರಿ ಎಲ್ಲಿದ್ದೆ?”

“ಹತ್ತಕ್ಕೆ ನನ್ನ ಗುರುತಿನ ಚೀಟಿ ವಾಪಸ್ ಕೊಟ್ಟು ಆಚೆ ಅಟ್ಟಿದ್ದು ನೀವೇ ಅಲ್ವಾ?”

“ಮತ್ತೆ ಬಂದಿರಬಹುದಲ್ಲ?”

“ಹತ್ತರ ಮೇಲೆ ನೀವು ಗುಂಡಿ ಒತ್ತದೆ ಬಾಗಿಲು ತೆಗೆಯಲ್ಲ. ಒತ್ತಿದ್ರಾ? ನಿಮ್ಮ ಕಣ್ಣು ತಪ್ಪಿಸಿ ಇಲಿನೂ ಒಳಗೆ ಬರಲ್ಲ. ಬಿಡಿ, ನಿದ್ದೆ ಮಾಡ್ತೀನಿ.”

ಅವಳು ಗುಂಡಿ ಒತ್ತಿರಲಿಲ್ಲ. ಹೊದ್ದಿಕೆ ಸುತ್ತಿಕೊಂಡು ಹೊರಗೆ ನಡೆದಳು. ಸಂಜೆ ಐದಕ್ಕೆ ಶುರುವಾದ ಹಿಮ ರಾತ್ರಿ ಹನ್ನೊಂದೂವರೆಗೆ ನಿಂತಿತ್ತು. ಮುಂಬಾಗಿಲು, ಹಿಂದಿನ ಅಂಗಳ, ಕಿಟಕಿಗಳ ಕೆಳಗೆ, ಎಲ್ಲಿಯೂ ಒಂದು ಹೆಜ್ಜೆಯ ಗುರುತಿಲ್ಲ. ಹನ್ನೊಂದು ನಲವತ್ತಕ್ಕೆ ಒಳಗಿದ್ದವನು ಇನ್ನೂ ಒಳಗೇ ಇದ್ದ.

* * *

ಲಿಯೊನೋರ್‌ಳ ಜೊತೆ ಅದೇ ಕೋಣೆಯಲ್ಲಿದ್ದವಳು ಯೋರಿಂದೆ, ಹಾಲೆಂಡಿನ ಹುಡುಗಿ. ಕೋಣೆಯ ಇನ್ನೊಂದು ಕೀಲಿ ಅವಳ ಬಳಿ. ಇಬ್ಬರಿಗೂ ಮಾತು ಬಿಟ್ಟು ಮೂರು ದಿನ. ಒತಿಲಿಯಾ ಹನ್ನೊಂದನೇ ಕೋಣೆಗೆ ಹೋಗಿ ಅವಳನ್ನೇ ಕೇಳಿದಳು.

“ನಾನು ಬಾಯಿ ತೆರೆದು ಮಲಗಿರೋ ಚಿತ್ರ ಬರೆದಿದ್ದಾಳೆ,” ಎಂದಳು ಯೋರಿಂದೆ. “ಹರಿದು ಹಾಕ್ತೀನಿ ಅಂದಿದ್ದೂ ನಿಜ. ಆದ್ರೆ ಕದಿಯೋ ಬುದ್ಧಿ ನನಗಿಲ್ಲ.”

“ಕದ್ದೋರೆಲ್ಲ ಹಾಗೇ ಹೇಳ್ತಾರೆ,” ಎಂದಳು ಲಿಯೊನೋರ್.

ಯೋರಿಂದೆ ಫೋನ್ ತೆಗೆದು ಒತಿಲಿಯಾಳ ಮುಂದೆ ಹಿಡಿದಳು. ಕಪಾಟಿನ ಮೇಲೆ ಫೋನ್ ಇಟ್ಟು ತೆಗೆದ ಫೋಟೋ. ಲಿಯೊನೋರ್ ಕೇಕ್ ಕತ್ತರಿಸುತ್ತಿದ್ದಾಳೆ. ಸುತ್ತ ಆರು ಜನ. ಸಮಯ ಹನ್ನೊಂದು ನಲವತ್ತು.

ಒತಿಲಿಯಾ ಎರಡು ಸಲ ಎಣಿಸಿದಳು. ಪೋಲಿಶ್ ಹುಡುಗರೆಲ್ಲ ಪಾಠ ಮುಗಿಯಿತೆಂದು ಹೋದ ವಾರವೇ ಊರಿಗೆ ಹೋಗಿದ್ದರು. ನಿಲಯದಲ್ಲಿ ಉಳಿದವರು ಏಳೇ ಜನ, ಎಲ್ಲರೂ ಹೊರದೇಶದವರು. ಏಳೂ ಜನ ಫೋಟೋದಲ್ಲಿದ್ದರು.

ಅವಳು ಕೋಣೆಯಲ್ಲಿ ಕಣ್ಣಾಡಿಸಿದಳು. ಬೀಗ ಮುರಿದಿಲ್ಲ. ಮೇಜಿನ ಪಕ್ಕದಲ್ಲಿ ಆ ಕುರ್ಚಿ. ಅವಸರದಲ್ಲಿರುವ ಕಳ್ಳ ಯಾಕೆ ಕೂರುತ್ತಾನೆ? ಅವಳೇ ಕೂತು ನೋಡಿದಳು. ಕಿರ್ರ್. ಎದುರಿಗೆ ಬಾಗಿಲು. ತನಗರಿವಿಲ್ಲದೆ ಮನಸ್ಸು ಎಣಿಸತೊಡಗಿತು. ಒಂದು, ಎರಡು, ಮೂರು. ಹತ್ತಕ್ಕೆ ಎದ್ದಳು. ಮತ್ತೆ ಕಿರ್ರ್. ರಾತ್ರಿ ಕೇಳಿದಷ್ಟೇ ಹೊತ್ತು.

“ಯೋರಿಂದೆ, ಆಚೆ ಹೊರಟಿರ್ತೀಯ. ಏನೋ ಮರೆತು ವಾಪಸ್ ಬಂದ್ರೆ ಏನ್ಮಾಡ್ತೀಯ?”

“ತಗೊಂಡು ಹೋಗ್ತೀನಿ. ಇನ್ನೇನು, ಕುಣೀಲಾ?”

“ನಾವು ಪೋಲೆಂಡಿನವರು ಕೂತು ಹತ್ತು ಎಣಿಸಿ ಹೋಗ್ತೀವಿ. ಇಲ್ದಿದ್ರೆ ಹೋದ ಕೆಲಸ ಕೆಡುತ್ತೆ ಅಂತ ಹೇಳಿಸ್ಕೊಂಡು ಬೆಳೆದೋರು.” ಅವಳು ಲಿಯೊನೋರ್ ಕಡೆ ತಿರುಗಿದಳು. “ಪುಸ್ತಕದಲ್ಲಿ ಏನೇನಿತ್ತು?”

“ಅಡುಗೆಮನೆ, ಮೆಟ್ಟಿಲು. ಇವಳು. ನೀವು ತೂಕಡಿಸ್ತಿರೋದು ಕೂಡ.”

“ಅದೂ ಇದೆಯಾ!”

“ಕ್ಷಮಿಸಿ. ಆದ್ರೆ ಎಲ್ಲಕ್ಕಿಂತ ಚೆನ್ನಾಗಿ ಬಂದಿದ್ದು ನೆಲಮಾಳಿಗೆಯ ಬಟ್ಟೆ ಒಣಗಿಸೋ ಕೋಣೆ. ಒಂದಿನ ಬೀಗ ಇರ್ಲಿಲ್ಲ, ಕೂತು ಬರೆದೆ. ಮಡಚೋ ಮಂಚ, ಹಗ್ಗದ ಮೇಲೆ ಗಂಡಸಿನ ಐದು ಅಂಗಿ, ಕಿಟಕೀಲಿ ಕ್ಷೌರದ ಬ್ರಷ್ಷು. ನಮ್ಮ ಮೇಷ್ಟ್ರು ಅದನ್ನ ಅಕಾಡೆಮಿ ಗೋಡೆಗೆ ಹಾಕ್ತೀನಿ ಅಂದಿದ್ರು.”

“ಪುಸ್ತಕ ಬೇರೆ ಯಾರು ನೋಡಿದ್ರು?”

“ಪಾನ್ ಜೆನೋನ್. ನಿನ್ನೆ ಮಧ್ಯಾಹ್ನ ಕೋಣೆ ತಪಾಸಣೆಗೆ ಬಂದಾಗ. ಚೆನ್ನಾಗಿದೆ ಅಂದ್ರು.”

* * *

ಜೆನೋನ್ ನಿಲಯದ ಮೇಲ್ವಿಚಾರಕ. ಸಂಜೆ ನಾಲ್ಕಕ್ಕೆ ಮನೆಗೆ ಹೋಗುತ್ತಾನೆ. ಬೆಳಿಗ್ಗೆ ಏಳಕ್ಕೆ ಹಿಂಬಾಗಿಲಿನಿಂದ ಬರುತ್ತಾನೆ. ಹಾಗೆಂದು ಎಲ್ಲರೂ ನಂಬಿದ್ದರು.

ಏಳಾದ ಮೇಲೆ ಒತಿಲಿಯಾ ಅವನ ಕೋಣೆಗೆ ಹೋದಾಗ ಅವನು ಚಹಾದ ಲೋಟ ಹಿಡಿದು ಕೂತಿದ್ದ. ಅವಳು ಅವನ ಬೂಟುಗಳನ್ನು ನೋಡಿದಳು. ಒಣಗಿದ್ದವು.

“ರಾತ್ರಿ ಮೊಣಕಾಲುದ್ದ ಹಿಮ ಬಿದ್ದಿದೆ ಪಾನ್ ಜೆನೋನ್. ಹಾರಿಕೊಂಡು ಬಂದ್ರಾ?”

ಅವನು ಲೋಟ ಕೆಳಗಿಟ್ಟ.

“ಹನ್ನೊಂದನೇ ಕೋಣೇಲಿ ಏನು ಮರೆತಿದ್ರಿ?”

“ಯಾವ ಕೋಣೆ? ಏನ್ ಮಾತಾಡ್ತಿದ್ದೀರಿ?”

“ಹಿಂದಿನ ಅಂಗಳದಲ್ಲಿ ನನ್ನ ಹೆಜ್ಜೆ ಬಿಟ್ರೆ ಈಗ್ಲೂ ಬೇರೆ ಹೆಜ್ಜೆ ಇಲ್ಲ. ಮುಂಬಾಗಿಲಲ್ಲಿ ನಾನಿದ್ದೆ. ಅಂದ್ರೆ ನೀವು ಒಳಗೆ ಬರಲೇ ಇಲ್ಲ, ಆಚೆ ಹೋಗಲೇ ಇಲ್ಲ. ಎಲ್ಲಾ ಕೋಣೆಗೂ ಕೀಲಿ ಇರೋದು ನಿಮ್ಮೊಬ್ಬರ ಹತ್ರ. ಹುಡುಗರೆಲ್ಲ ಊಟಕ್ಕೆ ಸೇರಿದಾಗ ಹೋಗಿ ಪುಸ್ತಕ ತಗೊಂಡ್ರಿ. ಏನೋ ಮರೆತು ವಾಪಸ್ ಹೋದ್ರಿ. ಕೂತು ಹತ್ತು ಎಣಿಸಿದ್ರಿ. ಪರದೇಶದ ಹುಡುಗರು ಎಣಿಸಲ್ಲ ಪಾನ್ ಜೆನೋನ್. ನಿನ್ನೆ ಆ ಹೊತ್ತಲ್ಲಿ ಈ ಮನೇಲಿ ಎಣಿಸೋರು ಇದ್ದಿದ್ದು ಇಬ್ಬರೇ. ನಾನು ಕೆಳಗಿದ್ದೆ.”

ಜೆನೋನ್ ಮೂಗಿನ ಮೇಲಿದ್ದ ಕನ್ನಡಕ ತೆಗೆದ.

“ಕನ್ನಡಕ,” ಎಂದ ಜೆನೋನ್. “ಮೇಜಿನ ಮೇಲೆ ಬಿಟ್ಟಿದ್ದೆ.”

ಕೆಳಗಿನ ಡ್ರಾಯರ್ ಎಳೆದು ಪುಸ್ತಕ ತೆಗೆದ. ಒಂದು ಹಾಳೆಯನ್ನು ಬ್ಲೇಡಿನಿಂದ ಅಂದವಾಗಿ ಕತ್ತರಿಸಲಾಗಿತ್ತು. ಹಾಳೆ ಮಾತ್ರ ಅವನ ಕೈಯಲ್ಲಿ ಉಳಿಯಿತು.

“ನವೆಂಬರ್‌ನಿಂದ ಕೆಳಗೆ ನೆಲಮಾಳಿಗೇಲಿದ್ದೀನಿ. ಫ್ಲಾಟು ಹೆಂಡತೀದು. ವಿಚ್ಛೇದನ ಆಯ್ತು. ಇಲ್ಲಿ ವಾಸ ಇದ್ದೀನಿ ಅಂತ ಗೊತ್ತಾದ್ರೆ ಕೆಲಸ ಹೋಗುತ್ತೆ, ಸೂರೂ ಹೋಗುತ್ತೆ. ಇದನ್ನ ಗೋಡೆಗೆ ಹಾಕ್ತಾರಂತೆ. ಪುಸ್ತಕ ತಗೊಳ್ಳಿ. ಇದನ್ನ ಬಿಡಿ.”

ಒತಿಲಿಯಾ ಕೈ ಚಾಚಿದಳು. ಅವನು ಕೊಡುವವರೆಗೂ ಹಿಂದಕ್ಕೆ ತೆಗೆಯಲಿಲ್ಲ.

ಚಿತ್ರವನ್ನು ಬೆಳಕಿಗೆ ಹಿಡಿದು ನೋಡಿದಳು. ಮಂಚ, ಅಂಗಿಗಳು, ಬ್ರಷ್ಷು. ಮುಖವಿಲ್ಲ, ಹೆಸರಿಲ್ಲ.

“ಇದು ಯಾರದು ಅಂತ ಯಾರಿಗೆ ಗೊತ್ತಾಗುತ್ತೆ? ಯಾರೋ ಬಡವನ ಅಂಗಿ ಅಂತಾರೆ. ಕುಂಬಳಕಾಯಿ ಕಳ್ಳ ಅಂದ್ರೆ ಹೆಗಲು ಮುಟ್ಟಿ ನೋಡ್ಕೊಂಡ್ರಿ. ಸುಮ್ಮನಿದ್ದಿದ್ರೆ ನನಗೂ ಗೊತ್ತಾಗ್ತಿರ್ಲಿಲ್ಲ.”

“ಈಗ ಗೊತ್ತಾಯ್ತಲ್ಲ,” ಎಂದ ಅವನು. “ಏನ್ಮಾಡ್ತೀರಿ?”

ಅವಳು ಅವನ ಮೇಜಿನ ಮೇಲಿದ್ದ ಅಂಟುಪಟ್ಟಿಯಿಂದ ಹಾಳೆಯನ್ನು ಅದರ ಜಾಗಕ್ಕೆ ಕೂಡಿಸಿ ಅಂಟಿಸಿದಳು. ಗೆರೆಗೆ ಗೆರೆ ಕೂಡಿತು.

* * *

ಪುಸ್ತಕವನ್ನು ಎದೆಗವಚಿಕೊಂಡು ಲಿಯೊನೋರ್ ಕೇಳಿದಳು. “ಯಾರು?”

“ಯೋರಿಂದೆ ಅಲ್ಲ. ಮೊದಲು ಹೋಗಿ ಅವಳ ಹತ್ರ ಕ್ಷಮೆ ಕೇಳು. ಆಮೇಲೆ ಪರೀಕ್ಷೆ.”

“ಹಾಗಾದ್ರೆ ಕಾಯೆತಾನ್?”

“ಅವನೂ ಅಲ್ಲ. ಈಗ ಓಡು.”

ಕಾಯೆತಾನ್ ಎಂಟೂವರೆಗೆ ಬಂದ. ಗುರುತಿನ ಚೀಟಿಯನ್ನು ಗೂಡಿನ ಕಿಂಡಿಯಲ್ಲಿ ತಳ್ಳಿ ಅಲ್ಲೇ ನಿಂತ.

“ಬೆಳಗಾಗೋ ಮುಂಚೆ ಎಬ್ಬಿಸಿ ಕಳ್ಳ ಅಂದ್ರಿ. ನಿಜವಾದ ಕಳ್ಳ ಯಾರು ಅಂತಾದ್ರೂ ಹೇಳಿ.”

ನ್ಯಾಯವಾದ ಪ್ರಶ್ನೆ. ಕಾಯೆತಾನ್‌ಗೆ ಹೇಳಿದರೆ ಮಧ್ಯಾಹ್ನದೊಳಗೆ ಇಡೀ ಅಕಾಡೆಮಿಗೆ ತಿಳಿಯುತ್ತದೆ. ಗಾಜಿನಾಚೆ ಮೇಲ್ವಿಚಾರಕನ ಕೋಣೆಯ ಬಾಗಿಲು ಅರ್ಧ ತೆರೆದಿತ್ತು. ಒಳಗಿನಿಂದ ಕೆಮ್ಮೂ ಇಲ್ಲ, ಕಾಗದದ ಸದ್ದೂ ಇಲ್ಲ.

“ಕಳ್ಳನೂ ಇಲ್ಲ, ಗಿಳ್ಳನೂ ಇಲ್ಲ ಕಣೋ,” ಎಂದಳು ಒತಿಲಿಯಾ. “ಅವಳು ಪುಸ್ತಕ ಇಲ್ಲೇ ಬಿಟ್ಟು ಹೋಗಿದ್ಲು. ನಾನು ಎತ್ತಿಟ್ಟು ಮರೆತುಬಿಟ್ಟೆ.”

“ನೀವಾ?” ಕಾಯೆತಾನ್ ನಕ್ಕ. “ಪಾನಿ ಒತಿಲಿಯಾ ಮರೀತಾರೆ! ವಯಸ್ಸಾಯ್ತು ಬಿಡಿ ನಿಮಗೆ.”

“ಆಯ್ತಪ್ಪ,” ಎಂದಳು ಅವಳು.

ಅವನು ನಗುತ್ತಲೇ ಮೆಟ್ಟಿಲು ಹತ್ತಿದ. ಸಂಜೆಯೊಳಗೆ ಎಲ್ಲರೂ ಇದನ್ನೇ ಹೇಳಿಕೊಂಡು ನಗುತ್ತಾರೆಂದು ಅವಳಿಗೆ ಗೊತ್ತಿತ್ತು. ನಗಲಿ. ಇನ್ನು ಯಾರು ಕೇಳಿದರೂ ಇದೇ ಉತ್ತರ.