ಗಾಂಜಾ ಅಲ್ಲ ಕಣೇ...

"ಏಯ್, ಎದ್ದೇಳೋ! ಈ ಸೀನ್ ಹಳೇದಾಯ್ತು!"

ಹಲಸೂರು ಕೆರೆಯ ದಂಡೆಯಲ್ಲಿ ಎದೆ ಹಿಡಿದು ಕುಸಿದ ಸುಗತನಿಗೆ ಹೇಮಶ್ರೀ ಗದರಿದಳು. ಆರ್ಕೆಸ್ಟ್ರಾದಲ್ಲಿ ಮಿಮಿಕ್ರಿ ಮಾಡುವ ಈ ಮಹಾಶಯ ಹಿಂದೆಯೂ ಹೀಗೇ 'ಸತ್ತು', ಅವಳು ಅತ್ತ ಮೇಲೆ ಎದ್ದು ನಕ್ಕಿದ್ದ!

ಆದರೆ ಇವತ್ತು ಹಣೆ ತಣ್ಣಗೆ ಬೆವೆತಿತ್ತು. ಎದೆಯ ಮೇಲೆ ಕೈಯಿಟ್ಟಳು. ಅಯ್ಯೋ... ತಾಳ ತಪ್ಪಿದ ತಮಟೆ!

"ಹೇಮ... ಆ್ಯಕ್ಟಿಂಗ್ ಅಲ್ಲ ಕಣೇ..."

ಆಟೋ ಇಂದಿರಾನಗರದ ಆಸ್ಪತ್ರೆಗೆ ಹಾರಿತು.

ಇಸಿಜಿ ನೋಡಿದ ಡಾಕ್ಟರ್ ಮಾರಿಯಾ ಹುಬ್ಬು ಗಂಟಿಕ್ಕಿದರು. "ಏನಾದ್ರೂ ಸೇದಿದ್ರಾ?"

"ಇಲ್ಲ ಮೇಡಂ."

ಮೂತ್ರ ಪರೀಕ್ಷೆಯಲ್ಲೂ ಗಾಂಜಾ ಇಲ್ಲ. ಹೇಮಶ್ರೀಗೆ ಕೊಂಚ ಸಮಾಧಾನ. ಬುದ್ಧ ಪೂರ್ಣಿಮೆಯಂದು ವಿಹಾರದಲ್ಲಿ ಮಾತು ಕೊಟ್ಟಿದ್ದನಲ್ಲ, 'ಗಾಂಜಾ ಮುಟ್ಟಿದ್ರೆ ನನ್ನ ಬಿಟ್ಟೋಗು' ಅಂತ!

"ಈ ವಯಸ್ಸಲ್ಲಿ ಹಾರ್ಟ್ ಸುಮ್ನೆ ಹೀಗೆ ಕುಣಿಯಲ್ಲ," ಎಂದರು ಡಾಕ್ಟರ್. "ನಿಜ ಗೊತ್ತಾದ್ರೆ ಸರಿಯಾದ ಟ್ರೀಟ್‌ಮೆಂಟ್ ಕೊಡ್ಬಹುದು."

ಸುಗತ ಹೇಮಶ್ರೀಯ ಮುಖ ನೋಡಿದ. ತಟ್ಟನೆ ಗೋಡೆಯ ಕಡೆ ಹೊರಳಿಕೊಂಡ. ಅವಳಿಗೆ ಅರ್ಥವಾಯಿತು.

"ಏನೋ ಮುಚ್ಚಿಡ್ತಿದೀಯ. ಹೇಳೋ."

"ಹೇಳಿದ್ರೆ ಹೋಗ್ಬಿಡ್ತೀಯ..."

"ಹೇಳ್ದೇ ಇದ್ರೆ ನೀನೇ ಹೋಗ್ಬಿಡ್ತೀಯ, ಗೂಬೆ!"

ಅವನ ಕಣ್ಣು ತುಂಬಿತು. "ಗಾಂಜಾ ಅಲ್ಲ ಕಣೇ... ಹರ್ಬಲ್ ಪೊಟ್ಟಣ ಸೇದ್ದೆ. ಟೆಸ್ಟಲ್ಲಿ ಬರಲ್ಲ ಅಂದ ಮಾರಿದವ್ನು. ನಿಂಗೆ ಕೊಟ್ಟ ಮಾತೂ ಉಳೀತು ಅನ್ಕೊಂಡೆ."

"ಹರ್ಬಲ್ ಅಂತೆ! ಒಣ ಸೊಪ್ಪಿಗೆ ಕೆಮಿಕಲ್ ಸಿಂಪಡಿಸಿರ್ತಾರಪ್ಪ," ಡಾಕ್ಟರ್ ಗುಡುಗಿದರು. "ಗಾಂಜಾಗಿಂತ ಜೋರು. ಮಾಮೂಲಿ ಟೆಸ್ಟಿಗೆ ಸಿಗಲ್ಲ. ಹಾರ್ಟ್ ಅಟ್ಯಾಕೇ ಆಗ್ಬಹುದು! ಉಳಿದಿದ್ದು ಇದೆಯಾ?"

"ಮನೇಲಿ... ಮೇಕಪ್ ಪೆಟ್ಟಿಗೇಲಿ."

ಹೇಮಶ್ರೀ ಸರ್ರನೆ ಹೊರಟುಹೋದಳು.

ಮುಗೀತು... ಎಂದುಕೊಂಡ ಸುಗತ. ಔಷಧಿಗೆ ಎದೆಬಡಿತ ನಿಧಾನವಾಯಿತು. ಸಂಕಟ ಮಾತ್ರ ಇಳಿಯಲಿಲ್ಲ.

ಸಂಜೆ ಪರದೆ ಸರಿಯಿತು. ಪೊಟ್ಟಣವನ್ನು ಡಾಕ್ಟರ್ ಕೈಗಿಟ್ಟು ಬಂದ ಹೇಮಶ್ರೀ ಎದುರಲ್ಲಿ!

"ಬಿಟ್ಟೋದೆ ಅನ್ಕೊಂಡೆ..."

"ಹೋಗೋಣ ಅಂತಾನೇ ಇದ್ದೆ. ನಿಮ್ಮಮ್ಮ 'ಸೊಸೆ ಬಂದ್ಲು' ಅಂತ ಕಾಫಿಗಿಟ್ಬಿಟ್ರು."

"ಅಮ್ಮಂಗೆ ಏನ್ ಹೇಳ್ದೆ?"

"ನಿಜಾನೇ. ಹೊರಗಡೆ ಕೂತವ್ರೆ. ಕೈಯಲ್ಲಿ ಚಪ್ಪಲಿ."

ನಗಲು ಹೋದವನು ಬಿಕ್ಕಿದ. "ಭಯ ಆಗ್ತಿದೆ ಹೇಮ... ನೀನು ಬೇಕು ಕಣೇ. ಒಬ್ನೇ ಬಿಡೋಕಾಗಲ್ಲ ಇದನ್ನ."

ಅವಳು ಸ್ಟೂಲ್ ಎಳೆದು ಕೂತು, ಸೂಜಿ ಚುಚ್ಚಿದ ಅವನ ಕೈಯನ್ನು ಮೆಲ್ಲಗೆ ಹಿಡಿದಳು.

"ಒಬ್ನೇ ಅಂತ ಯಾರಂದ್ರು? ಇರು... ಅತ್ತೇನ ಒಳಗೆ ಕರೀತೀನಿ. ಚಪ್ಪಲಿ ಮೊದ್ಲು ಇಸ್ಕೋತೀನಿ!"